ರೊಟ್ಟಿ ಓಣಿಯ ಹತ್ತು ಹೆಸರು

ಜೂನ್ 21, ಶನಿವಾರ
ರತ್ನಗಿರಿ, ಅಮ್ಮನ ಮನೆ

ಮತ್ತೆ ಪಾವಗಡದಲ್ಲಿ ಬಸ್ಸು ತಪ್ಪಿತು. ನಿಂತು ನಿಂತು ಕಾಲು ಊದಿವೆ. ಎರಡನೇ ಕ್ಲಾಸಿಗೂ ಲೇಟು. ಮಡಕಶಿರಾದ ಆ ಟ್ರೈನಿಂಗ್ ಹಾಲಿನಲ್ಲಿ ಇರುವುದೇ ಒಂದು ಫ್ಯಾನು, ಅದೂ ಲಕ್ಷ್ಮೀನರಸಪ್ಪನವರ ತಲೆಯ ಮೇಲೆ. ಪಾಠ ಹೇಳುವವರಿಗೆ ಗಾಳಿ, ಕೇಳುವವರಿಗೆ ಬೆವರು.

ಬ್ಯಾನರಿನಲ್ಲಿ ದೊಡ್ಡ ಹೆಸರು — ಸೋಷಿಯಲ್ ಅಂಡ್ ಸಸ್ಟೇನಬಲ್ ಪ್ರೊಕ್ಯೂರ್‌ಮೆಂಟ್. ಹಂಗಂದ್ರೇನು ಅಂತ ಅಮ್ಮ ಕೇಳಿದಳು. ಹಾಸ್ಟೆಲಿಗೆ ಸಾಮಾನು ಕೊಳ್ಳುವಾಗ ಅಗ್ಗ ಯಾವುದು ಅಂತ ಮಾತ್ರ ನೋಡಬಾರದು, ಯಾರ ಕೈಯಿಂದ ಕೊಂಡರೆ ಯಾರ ಮನೆ ನಡೆಯುತ್ತೆ, ನೆಲಕ್ಕೆ ನೀರಿಗೆ ಏನಾಗುತ್ತೆ, ಅದನ್ನೂ ನೋಡಬೇಕು — ಅಷ್ಟೇ ಅಂದೆ.

"ಅದ್ಕೆ ರಾಯದುರ್ಗದಿಂದ ಬಸ್ಸತ್ತಿ ಬಂದ್ಯಾ? ನನ್ನ ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ ಕಣಮ್ಮ!"

ನಗು ಬಂತು. ಆದರೆ ಬರದೆ ವಿಧಿಯಿಲ್ಲ. ನಮ್ಮ ಟ್ರಸ್ಟಿನ ಹಾಸ್ಟೆಲುಗಳಿಗೆ ದುಡ್ಡು ಕೊಡುವ ಕಂಪನಿಯವರ ಷರತ್ತು. ಖರೀದಿ ನೋಡಿಕೊಳ್ಳುವವರು ಈ ಟ್ರೈನಿಂಗ್ ಮುಗಿಸಬೇಕು. ಒಂದು ಖರೀದಿಯನ್ನಾದರೂ ನಿಜವಾಗಿ ಬದಲಾಯಿಸಿ ತೋರಿಸಬೇಕು, ಅದು ಪ್ರಾಜೆಕ್ಟ್. ದಸರಾ ಆದಮೇಲೆ ರಿಜಿಸ್ಟ್ರೇಷನ್ ಇಲ್ಲದವರ ಹತ್ತಿರ ಒಂದು ಕಡ್ಡಿಪೆಟ್ಟಿಗೆಯನ್ನೂ ಕೊಳ್ಳುವ ಹಾಗಿಲ್ಲ.

ನನ್ನ ಪ್ರಾಜೆಕ್ಟು ರಾಗಿ. ಇಲ್ಲೇ ಪಕ್ಕದ ರೊಳ್ಳದ ಹೆಣ್ಣುಮಕ್ಕಳ ಸಂಘದ ಹಿಟ್ಟು. ಪೇಪರೆಲ್ಲ ಪಕ್ಕಾ. ಮಳೆ ನೀರಲ್ಲೇ ಬೆಳೆಯುತ್ತೆ, ಮಕ್ಕಳ ಮೈಗೂ ಒಳ್ಳೆಯದು. ಮುದ್ದೆ ಉಂಡು ಬೆಳೆದವಳಿಗೆ ಬೇರೆ ಏನು ಹೊಳೆದೀತು.

ಕಣ್ಣು ಎಳೆಯುತ್ತಿದೆ. ಮಲಗುತ್ತೇನೆ.

ಜೂನ್ 24, ಮಂಗಳವಾರ
ರಾಯದುರ್ಗ

ಸಂಜೆ ರೊಟ್ಟಿ ಬುಟ್ಟಿ ಬಂದಾಗ ಮೈಲಾರಮ್ಮನಿಗೆ ಹೇಳಿದೆ, ಮುಂದಿನ ವಾರದಿಂದ ರೊಟ್ಟಿ ಅರ್ಧ ಸಾಕು, ರಾಗಿ ತರಿಸುತ್ತಿದ್ದೇವೆ ಅಂತ.

"ರಾಗಿ? ನಮ್ಮ ಹುಡುಗ್ಯಾರು ತಿಂತಾರೇನ್ರಿ?" ಅಂದಳು.

"ಯಾಕೆ ತಿನ್ನಲ್ಲ? ನಾನು ತಿಂದು ಬೆಳೆದಿಲ್ವಾ?"

"ನೀವು ಆ ಕಡಿಯೋರು ಬಿಡ್ರಿ." ಬುಟ್ಟಿ ಇಳಿಸಿ ಹೋದಳು.

ಈ ಹುಡುಗಿಯರ ಹಾಸ್ಟೆಲ್ ಶುರುವಾದಾಗಿನಿಂದ ರಾತ್ರಿ ಊಟದ ಜೋಳದ ರೊಟ್ಟಿ ಗುಡ್ಡದ ಕೆಳಗಿನ ಆ ಓಣಿಯಿಂದಲೇ ಬರುತ್ತದೆ. ಮೈಲಾರಮ್ಮನ ಅಂಗಳದಲ್ಲಿ ಸಾಲಾಗಿ ಒಲೆ, ಒಲೆ ಮೇಲೆ ರೊಟ್ಟಿ ಸುಡುವ ಹಂಚು. ಹೆಂಗಸರು ಕೂತು ತಟ್ಟುತ್ತಾರೆ. ರಸೀದಿಯಿಲ್ಲ, ಸಂಘವಿಲ್ಲ. ಬಂದ ದುಡ್ಡು ಅವತ್ತು ಕೂತವರೆಲ್ಲ ಹಂಚಿಕೊಳ್ಳುತ್ತಾರೆ. ನಾನೂ ಇಷ್ಟು ವರ್ಷ ಅದನ್ನೇನೂ ಕೇಳಿದವಳಲ್ಲ. ರೊಟ್ಟಿ ಬಿಸಿಯಾಗಿ ಬಂದರೆ ಸಾಕಿತ್ತು.

ದಸರಾ ಆದಮೇಲೆ ಇವರ ಗತಿ ಏನು ಅಂತ ಈಗ ಹೊಳೆಯುತ್ತಿದೆ. ಛೆ. ಮೊದಲೇ ಯೋಚಿಸಬೇಕಿತ್ತು.

ಜುಲೈ 2, ಬುಧವಾರ

ಮರ್ಯಾದೆ ಹೋಯಿತು.

ಅಡುಗೆಯ ಓಬಯ್ಯನಿಗೆ ಮುದ್ದೆಯ ಎಸರು, ಹಿಟ್ಟು, ಕೋಲು ಎಲ್ಲ ವಿವರಿಸಿದ್ದೆ. ತಲೆಯಾಡಿಸಿದ. ಜೋಳದ ರೊಟ್ಟಿಗೆ ಹಾಕುವಂತೆ ಬಿಸಿನೀರು ಹಾಕಿ ನಾದಿದನಂತೆ. ಹಂಚಿನ ಮೇಲೆ ಹಾಕಿದರೆ ಒಡೆದು ಚೂರು. ಆಮೇಲೆ ಅದೇ ಚೂರುಗಳನ್ನು ಕುದಿಯುವ ನೀರಿಗೆ ಸುರಿದಿದ್ದಾನೆ ಮಹಾನುಭಾವ! ಗಂಜಿಯೂ ಅಲ್ಲ, ಮುದ್ದೆಯೂ ಅಲ್ಲ. ಒಂದು ಹುಡುಗಿ ತಟ್ಟೆ ಹಿಡಿದು ಬಂದಳು — "ಮಿಸ್, ಇದನ್ನ ಅಗೀಬೇಕ್ರಿ, ನುಂಗಬೇಕ್ರಿ?" ಉಳಿದವರು ಕಿಸಕ್ಕನೆ ನಕ್ಕರು. ನಾನೇ ಸೆರಗು ಸಿಕ್ಕಿಸಿ ಮುದ್ದೆ ತಿರುವಿದೆ. ಭುಜ ಬಿದ್ದುಹೋಯಿತು. ಎರಡು ತುತ್ತು ತಿಂದು ಎದ್ದರು, ಪಾಪ, ನನ್ನ ಮುಖ ನೋಡಿ.

ಓಬಯ್ಯ ಹಿಂದಿನ ಬಾಗಿಲಿಂದ ಓಡಿ ಓಣಿಗೆ ಹೋದ. ಮೈಲಾರಮ್ಮ ಬುಟ್ಟಿ ಹೊತ್ತು ಬಂದಳು. ಹೇಳಿದ್ದು ಅರ್ಧ, ತಂದಿದ್ದು ಪೂರಾ.

"ಹೆಂಗೂ ಬೇಕಾಗತಾವ ಅಂತ ಮಾಡಿಟ್ಟಿದ್ದೆವ್ರಿ," ಅಂದಳು. ಬಾಯಿ ಮುಚ್ಚಿಕೊಂಡು ನಗು ಬೇರೆ. ಮೈ ಉರಿಯಿತು. ಆದರೂ ಮೊದಲು ಕೈ ಹಾಕಿ ರೊಟ್ಟಿ ಮುರಿದು ತಿಂದವಳು ನಾನೇ. ಹೊಟ್ಟೆ ಹಸಿದಿತ್ತು.

ಜುಲೈ 5, ಶನಿವಾರ
ಮಡಕಶಿರಾ — ಮಧ್ಯಾಹ್ನ, ಊಟದ ಬಿಡುವು

ಎಲ್ಲರ ಮುಂದೆ ರಾಗಿ ಕಥೆ ಹೇಳಬೇಕಾಯಿತು. ನಕ್ಕರು. ಲಕ್ಷ್ಮೀನರಸಪ್ಪನವರು ನಗಲಿಲ್ಲ. ಊಟಕ್ಕೆ ಪಕ್ಕ ಕೂತರು. ಸಕ್ಕರೆ ಕಾಯಿಲೆ, ಮನೆಯಿಂದ ಡಬ್ಬಿ ತರುತ್ತಾರೆ. ಸರ್ಕಾರಿ ಸ್ಟೋರ್ಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕೂತಲ್ಲೇ ತೂಕಡಿಸುವಷ್ಟು ದಣಿದಿರುತ್ತಾರೆ, ಮಾತು ಮಾತ್ರ ಚುರುಕು.

"ಅಲ್ಲ ಮೇಡಂ, ಬಡ ಹೆಂಗಸ್ರು, ಊರಿನ ಬೆಳೆ, ನಡ್ಕೊಂಡೇ ತಂದು ಕೊಡ್ತಾರೆ. ಇದಕ್ಕಿಂತ ಸೋಷಿಯಲ್ಲು ಇನ್ನೇನು ಬೇಕು? ಅವರನ್ನ ಬಿಟ್ಟು ರೊಳ್ಳಕ್ಕೆ ಯಾಕೆ ಬಂದ್ರಿ? ಅವರದೇ ಒಂದು ಸಂಘ ಮಾಡ್ಸಿ."

ಹತ್ತು ಹೆಸರು, ಒಬ್ಬ ಅಧ್ಯಕ್ಷೆ, ಒಂದು ಬ್ಯಾಂಕ್ ಖಾತೆ. ದುಡ್ಡು ಖಾತೆಗೇ. ಹೆಸರಿದ್ದವರೇ ಕೆಲಸ ಮಾಡಬೇಕು, ಅವರ ಬದಲು ಬೇರೆಯವರು ಕೂರುವಂತಿಲ್ಲ. ವರ್ಷ ತುಂಬುವ ತನಕ ಹೆಸರು ಬದಲಾಯಿಸುವಂತಿಲ್ಲ.

ಅದೇಕೆ ಅಷ್ಟು ಬಿಗಿ ಅಂದೆ.

"ನನ್ನ ಸರ್ವೀಸಿನಾಗೆ ಕಣ್ಣಾರೆ ಕಂಡಿದೀನಿ. ಹೆಸರು ಹೆಂಗಸ್ರದು, ದುಡ್ಡು ಕಂಟ್ರಾಕ್ಟರ್‌ದು. ಕೇಳಿದ್ರೆ ಯಾರನ್ನೋ ತಂದು ಇವಳೇ ಅವಳು ಅಂತ ನಿಲ್ಸೋರು. ಈ ಟ್ರೈನಿಂಗಿಗೆ ಆ ರೂಲು ಬರೆದುಕೊಟ್ಟಿದ್ದು ನಾನೇ."

ಸರಿ ಅನ್ನಿಸಿತು. ಯಾಕೋ ಬಹಳ ದಿನಕ್ಕೆ ಉತ್ಸಾಹ ಬಂತು. ದಸರಾ ಆದರೂ ರೊಟ್ಟಿ ನಿಲ್ಲಬೇಕಿಲ್ಲ.

ಜುಲೈ 8, ಮಂಗಳವಾರ

ಉತ್ಸಾಹ ಇಳಿಯಿತು.

ಓಣಿಗೆ ಹೋದೆ. ಹೊಗೆಯಲ್ಲಿ ಕೂತು ಎಲ್ಲ ಹೇಳಿದೆ. ಖಾತೆಗೆ ದುಡ್ಡು ಬರುತ್ತೆ ಅಂದಾಗ ಕಣ್ಣರಳಿಸಿದರು. ಹತ್ತು ಹೆಸರು ಅಂದ ಕೂಡಲೇ ಮೈಲಾರಮ್ಮ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು.

"ಯಾವ ಹತ್ತು ಮಂದೀರಿ? ಇವತ್ತು ಕುಂತೋರಾ, ಹೋದ ವರ್ಷ ಕುಂತೋರಾ?"

ಆಗ ಗೊತ್ತಾಯಿತು ನನಗೆ. ಇಲ್ಲಿ ಕೂರುವವರು ಕಾಯಂ ಅಲ್ಲ. ಯಾರ ಮನೆಯಲ್ಲಿ ತಾಪತ್ರಯ ಬಂತೋ ಅವಳನ್ನು ಮೈಲಾರಮ್ಮ ಕರೆದು "ಕುಂದ್ರವ್ವ" ಅನ್ನುತ್ತಾಳೆ. ಅವಳು ಕೂರುತ್ತಾಳೆ. ಮನೆ ಸುಧಾರಿಸಿತು, ಮಗನಿಗೆ ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಸಿಕ್ಕಿತು ಅಂದರೆ ತಾನಾಗಿ ಎದ್ದು ಇನ್ನೊಬ್ಬಳಿಗೆ ಜಾಗ ಬಿಡುತ್ತಾಳೆ. ಏಳು ಅಂತ ಯಾರೂ ಹೇಳುವುದಿಲ್ಲ. ಹೇಳಿಸಿಕೊಳ್ಳುವುದು ಅವಮಾನ. ಇದಕ್ಕೆ ಹಂಚು ಬಿಟ್ಟುಕೊಡೋದು ಅನ್ನುತ್ತಾರೆ.

ಕೇಳಲು ಬಹಳ ಚೆಂದ. ಆದರೆ ಮೈಲಾರಮ್ಮನೇನು ದೇವತೆಯಲ್ಲ. ಎದುರುಮನೆ ಕಾಟಮ್ಮನ ಗಂಡ ಹಾಸಿಗೆ ಹಿಡಿದು ಎಷ್ಟೋ ಕಾಲವಾಯಿತು, ಅವಳನ್ನು ಒಮ್ಮೆಯೂ ಕರೆದಿಲ್ಲ. ಮೋರಿ ನೀರಿನ ಜಗಳವಂತೆ. ಅದನ್ನೇ ಎತ್ತಿ ಆಡಿದೆ.

"ನಿಮ್ಮ ಮನಸ್ಸಿಗೆ ಬಂದವರಿಗೆ ಜಾಗ, ಇಲ್ಲದಿದ್ದರೆ ಇಲ್ಲ. ಪಟ್ಟಿ ಇದ್ದರೆ ಆ ಭೇದ ಇರಲ್ಲ ಮೈಲಾರಮ್ಮ."

"ಆಕೀ ಬಾಯಿ ನಿಮಗ ಗೊತ್ತಿಲ್ರಿ!" ಅಂತ ಗದರಿದಳು. ನಾನೂ ಗದರಿದೆ. ಇದೇ ಆಟ ಆಡಿದರೆ ದಸರಾ ಆದಮೇಲೆ ಯಾರಿಗೂ ರೊಟ್ಟಿಯಿಲ್ಲ, ಅಷ್ಟೇ, ಅಂದುಬಿಟ್ಟೆ. ಒಲೆ ಮುಂದೆ ಕೂತವರೆಲ್ಲ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

ಹಾಗೆ ಹೆದರಿಸಬಾರದಿತ್ತು. ಆದರೆ ಸುಳ್ಳೇನೂ ಹೇಳಲಿಲ್ಲವಲ್ಲ.

ಜುಲೈ 27, ಭಾನುವಾರ

ಬರೆಯಲು ಆಗಿಲ್ಲ. ದಿನಾ ಸಂಜೆ ಓಣಿ. ಅಳು, ಬೈಗುಳ, ಮತ್ತೆ ಅಳು. ಮನೆಯಲ್ಲಿ ಇವರು ಕೇಳುತ್ತಾರೆ, ಹಾಸ್ಟೆಲಿಗೆ ಕೆಲಸಕ್ಕಿದ್ದೀಯೋ ಓಣಿಯ ಪಂಚಾಯ್ತಿಗೋ ಅಂತ. ಗಂಡನಾದವನಿಗೆ ಹಾಗೆ ಕೇಳುವುದು ಸುಲಭ.

ಅಂತೂ ಹತ್ತು ಹೆಸರು ಆಯಿತು. ಕಾಟಮ್ಮ ಸೇರಿದಳು — ಅದು ನನ್ನ ಹಟ. ಮೈಲಾರಮ್ಮ ಅಧ್ಯಕ್ಷೆ — ಅದು ಎಲ್ಲರ ಹಟ. ಹೊರಗುಳಿದವರಲ್ಲಿ ಇಬ್ಬರು ನಾನು ಹೋಗುವಾಗ ಮುಖ ತಿರುಗಿಸುತ್ತಾರೆ. ಸಂತೆಯಲ್ಲಿ ಒಬ್ಬಳು ನನ್ನ ಕಿವಿಗೆ ಬೀಳುವಂತೆಯೇ ತೆಲುಗಿನಲ್ಲಿ ಏನೋ ಅಂದಳು. ತೆಲುಗು ನನಗೆ ಬರಲ್ಲ ಅಂದುಕೊಂಡಳೋ ಏನೋ. ಬರುತ್ತಮ್ಮ, ಚೆನ್ನಾಗಿ ಬರುತ್ತೆ.

ಮೈಲಾರಮ್ಮ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ಒಂದೇ ಮಾತು ಅಂದಳು. "ನಿಮ್ಮ ಮ್ಯಾಗ ನಂಬಿಕಿ ಇಟ್ಟು ಒತ್ತೀನ್ರಿ."

ಆಗಸ್ಟ್ 23, ಶನಿವಾರ
ಬಸ್ಸಿನಲ್ಲಿ

ಸರ್ಟಿಫಿಕೇಟ್ ಕೊಟ್ಟರು. ಶಾಲು ಹೊದಿಸಿದರು, ಈ ಬಿಸಿಲಿನಲ್ಲಿ. ನನ್ನ ಪ್ರಾಜೆಕ್ಟಿಗೆ ಚಪ್ಪಾಳೆ. ರೊಟ್ಟಿ ಓಣಿಯ ದುಡ್ಡು ಈಗ ಖಾತೆಗೆ ಹೋಗುತ್ತದೆ. ಕಾಟಮ್ಮ ಗಂಡನನ್ನು ಬಳ್ಳಾರಿಗೆ ತೋರಿಸಿಕೊಂಡು ಬಂದಳು. ಅವಳು ನನ್ನ ಕೈ ಹಿಡಿದು ಅತ್ತಿದ್ದನ್ನು ಎಲ್ಲರ ಮುಂದೆ ಹೇಳಿದೆ. ನಿಜ ಹೇಳಬೇಕಂದರೆ ಹೆಮ್ಮೆಯಾಯಿತು.

ಕಲ್ಯಾಣದುರ್ಗ ಇನ್ನೂ ಬಂದಿಲ್ಲ. ಸೊಂಟ ನೋವು.

ಸೆಪ್ಟೆಂಬರ್ 3, ಬುಧವಾರ

ಓಣಿಗೆ ಹೋಗಿದ್ದೆ. ಮೈಲಾರಮ್ಮನ ಹಂಚಿನ ಮುಂದೆ ಒಂದು ಚಿಕ್ಕ ವಯಸ್ಸಿನ ಹುಡುಗಿ. ಜ್ಯೋತಿ ಅಂತ. ಗಂಡ ಕಣೇಕಲ್ಲು ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಎರಡು ಕೂಸು. ಅತ್ತೆ ಮನೆಯಲ್ಲಿದ್ದಾಳೆ. ಉಣ್ಣುವುದೂ ಅಲ್ಲಿ, ಮಾತು ಕೇಳುವುದೂ ಅಲ್ಲಿ.

ಮೈಲಾರಮ್ಮ ಪಕ್ಕದ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು.

"ಇದೇನ್ ಮೈಲಾರಮ್ಮ?"

"ಹಂಚು ಬಿಟ್ಟುಕೊಟ್ಟೀನ್ರಿ. ಆಕಿ ಪಾಲು ನನ್ನ ಹೆಸರಿಗೆ ಬರ್ತೈತಿ, ತಂದು ಆಕೀಗೆ ಕೊಡ್ತೀನಿ."

"ಹಾಗೆಲ್ಲ ಮಾಡುವಂತಿಲ್ಲ. ಗೊತ್ತಾದರೆ ಇಡೀ ಆರ್ಡರ್ ಹೋಗುತ್ತೆ. ಹೇಳಿದ್ನೋ ಇಲ್ವೋ?"

"ಹೇಳೀರಿ. ಹಂಗಾರ ಈ ಕೂಸಿನ ತಾಯೀಗೆ ಏನು ಹೇಳ್ಲಿ? ಮುಂದಿನ ವರ್ಷ ಹಸಿ ಅಂತ ಹೇಳ್ಲ್ಯಾ?"

ಮೊದಲಾಗಿದ್ದರೆ ಮತ್ತೊಂದು ಒಲೆ ಹೂಡಿ, ಇಬ್ಬರೂ ಕೂತು, ಬಂದಿದ್ದರಲ್ಲಿ ಇನ್ನೊಂದು ಪಾಲು ಮಾಡುತ್ತಿದ್ದರು. ಈಗ ಖಾತೆಯಲ್ಲಿ ಹತ್ತೇ ಪಾಲು. ಕೂಗಾಡಿದೆ. ಜ್ಯೋತಿ ತಟ್ಟುವುದು ನಿಲ್ಲಿಸಿ ಅಳತೊಡಗಿದಳು. ನನಗೇ ಹೇಸಿಗೆಯಾಯಿತು. ಎದ್ದು ಬಂದೆ. ಬೇಡ ಅನ್ನಲಿಲ್ಲ, ಆಗಲಿ ಅನ್ನಲೂ ಇಲ್ಲ.

ಲಕ್ಷ್ಮೀನರಸಪ್ಪನವರಿಗೆ ಫೋನ್ ಮಾಡಿ ಹೆಸರು ಬದಲಾಯಿಸಬಹುದಾ ಅಂದೆ. ವರ್ಷ ತುಂಬದೆ ಆಗಲ್ಲ ಮೇಡಂ ಅಂದರು. ಯಾರ ಹೆಸರು ಅಂತ ಅವರೂ ಕೇಳಲಿಲ್ಲ.

ಸೆಪ್ಟೆಂಬರ್ 13, ಶನಿವಾರ



ಹೇಳದೆ ಕೇಳದೆ ಬಂದರು ಲಕ್ಷ್ಮೀನರಸಪ್ಪನವರು, ಪರಿಶೀಲನೆಗೆ. ರೂಲೇ ಹಾಗೆ. ಓಣಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ದೇವರನ್ನು ನೆನೆದೆ. ದೇವರೇ ಕೈಕೊಟ್ಟ — ಶನಿವಾರ ಅಂತ ಮೈಲಾರಮ್ಮ ನೇಮಕಲ್ಲು ಆಂಜನೇಯನ ದರ್ಶನಕ್ಕೆ ಹೋಗಿದ್ದಳು.

ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಕಾಟಮ್ಮ ಎದ್ದಳು. ಉಳಿದವರು ಎದ್ದರು. ಕೊನೆಗೆ, "ಅಧ್ಯಕ್ಷೆ ಮೈಲಾರಮ್ಮ ಯಾರು?"

ಹಂಚಿನ ಮುಂದಿನಿಂದ ಜ್ಯೋತಿ ಎದ್ದಳು. ಮೊಣಕೈ ತನಕ ಹಿಟ್ಟು.

"ನಾನೇ ರೀ."

ಆಧಾರ್ ಜೆರಾಕ್ಸ್ ನೋಡಿದರು. ಅದರಲ್ಲಿ ಮುಖವೆಲ್ಲ ಕಪ್ಪು, ಯಾರಾದರೂ ಆಗಬಹುದು. ಆದರೆ ಹುಟ್ಟಿದ ವರ್ಷ ಇದೆಯಲ್ಲ. ಓದಿದರು. ಹುಡುಗಿಯನ್ನು ನೋಡಿದರು. ಆಮೇಲೆ ನನ್ನನ್ನು.

"ಮೇಡಂ, ಇವರೇನಾ ಮೈಲಾರಮ್ಮ?"

ಇಲ್ಲ ಅಂದರೆ ಹತ್ತೂ ಒಲೆ ಆರುತ್ತವೆ. ಹೌದು ಸರ್ ಅಂದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿತು.

ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು. "ನಮ್ಮ ಕಡೆ ಹೆಣ್ಮಕ್ಳು ಬೇಗ ಮುದುಕೀರಾಗ್ತಾರೆ. ರಾಯದುರ್ಗದ ನೀರು ಒಳ್ಳೇದೇನೋ," ಅಂದರು. ಒಲೆ ಮುಂದೆ ಜ್ಯೋತಿಯನ್ನು ಕೂರಿಸಿ ಫೋಟೊ ತೆಗೆದರು, ರಿಪೋರ್ಟಿಗೆ. ಕೆಳಗೆ ಅಧ್ಯಕ್ಷೆ ಮೈಲಾರಮ್ಮ ಅಂತ ಬರೆದು ಸೈನ್ ಹಾಕಿದರು. ಸಾಕ್ಷಿ ಅಂತ ನಾನೂ ಹಾಕಿದೆ.

ಬಸ್ ಸ್ಟ್ಯಾಂಡಿನಲ್ಲಿ ಟೀ ಬೇಡ ಅಂದರು. "ಸುಳ್ಳು ಹಿಡಿಯೋಕೆ ಅಂತ ಬರೆದ ರೂಲು ಮೇಡಂ ಅದು. ಇವತ್ತು ನನ್ನ ಕೈಯಿಂದಲೇ..." ಬಸ್ಸು ಬಂತು. ಕಿಟಕಿಯಿಂದ ಕೈ ಬೀಸಲೂ ಇಲ್ಲ.

ಸೆಪ್ಟೆಂಬರ್ 15, ಸೋಮವಾರ

ಸಂಜೆ ಮೈಲಾರಮ್ಮ ಬುಟ್ಟಿ ಹೊತ್ತು ಬಂದು ಗೇಟಿನಾಚೆಯೇ ನಿಂತಳು.

"ಒಳಗ ಬರಬಹುದೇನ್ರಿ? ಮೈಲಾರಮ್ಮ ಅಲ್ಲಿ ಒಲಿ ಮುಂದ ಕುಂತಾಳ. ಹಂಗಾರ ನಾನ್ಯಾರ್ರಿ ಈಗ?"

ಓಬಯ್ಯ ನಕ್ಕ. ಅವಳೂ ನಕ್ಕಳು, ಹೊಟ್ಟೆ ಹಿಡಿದು. ನಾನೂ ನಕ್ಕೆ. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಬೇಳೆ ಮೂಟೆಯ ಮೇಲೆ ಕೂತು ಅತ್ತೆ.

ಅವಳು ಹೋದಮೇಲೆ ಓಬಯ್ಯ ಹೇಳಿದ. ಬೆಳಿಗ್ಗೆ ಹೊತ್ತು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಾಳಂತೆ. ಯಾರಿಗೂ ಹೇಳಬೇಡ ಅಂದಿದ್ದಾಳಂತೆ. "ಪಾಲು ಪೂರಾ ಆ ಹುಡುಗೀಗೆ ಕೊಡ್ತಾಳ್ರಿ. ಮತ್ತ ತಾನೇನು ತಿನ್ನಬೇಕು?"

ನನಗೆ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಸೆಪ್ಟೆಂಬರ್ 18, ಗುರುವಾರ
ಮಧ್ಯಾಹ್ನ

ಬೆಳಿಗ್ಗೆ ಟ್ರಸ್ಟಿನ ಸೆಕ್ರೆಟರಿ ಫೋನು. ಕಂಪನಿಯವರಿಗೆ ರೊಟ್ಟಿ ಓಣಿ ಬಹಳ ಹಿಡಿಸಿದೆಯಂತೆ. ಶನಿವಾರ ವಿಡಿಯೋ ತೆಗೆಯಲು ಬರುತ್ತಾರೆ. ಅಧ್ಯಕ್ಷೆಯೇ ಖುದ್ದಾಗಿ ಮಾತಾಡಬೇಕು, ರಿಪೋರ್ಟಿನಲ್ಲಿ ಫೋಟೊ ನೋಡಿದ್ದಾರೆ, ಚಿಕ್ಕ ವಯಸ್ಸಿಗೇ ಎಷ್ಟು ಧೈರ್ಯ ಅಂತ ಹೊಗಳಿದರಂತೆ.

ಹೌದು ಸರ್ ಅಂದೆ. ಈ ಹೌದು ಸರ್ ಈಗ ಸಲೀಸಾಗಿ ಬರುತ್ತದೆ.

ಸುದ್ದಿ ನನಗಿಂತ ಮುಂಚೆ ಓಣಿ ಮುಟ್ಟಿದೆ. ಓಬಯ್ಯನ ಬಾಯಿ. ಜ್ಯೋತಿ ಬಂದು, ನಾ ಒಲ್ಲೆ, ನನಗ ಅಂಜಿಕಿ ಆಗ್ತೈತಿ, ಅಂತ ಕಾಲು ಹಿಡಿದಳು. ಹೇಗೋ ಸಮಾಧಾನ ಮಾಡಿ ಕಳಿಸಿದೆ. ಫೋಟೊದಲ್ಲಿರುವವಳು ಅವಳು. ಅವಳೇ ನಿಲ್ಲಬೇಕು. ಇಲ್ಲದಿದ್ದರೆ ಆ ಮುದುಕರ ಸೈನು, ನನ್ನ ಸೈನು, ಓಣಿಯ ಆರ್ಡರು, ಎಲ್ಲಾ ಒಂದೇ ಸಲಕ್ಕೆ ಹೋಗುತ್ತೆ.

ಆಮೇಲೆ ಕಾಟಮ್ಮ ಬಂದಳು. ಈಗ ಅವಳೂ ಮೈಲಾರಮ್ಮನೂ ಬಲು ದೋಸ್ತಿ. "ಮೈಲಾರಮ್ಮಕ್ಕ ಹೋಟ್ಲಿಗೆ ರಜಾ ಹೇಳಿ ಬಂದಾಳ್ರಿ. ಪೆಟಿಗ್ಯಾಗಿನ ಹೊಸ ಸೀರಿ ತೆಗದಾಳ. ಟೀವ್ಯಾಗ ಏನು ಮಾತಾಡಬೇಕು ಅಂತ ಗ್ವಾಡಿ ಮುಂದ ನಿಂತು ಒಬ್ಬಾಕಿನೇ ಮಾತಾಡ್ಕೊಂತಾಳ. ನಾವೆಲ್ಲಾ ನಕ್ಕೂ ನಕ್ಕೂ ಸಾಕಾತ್ರಿ."

ನಿಲ್ಲಬೇಕಾದವಳು ಜ್ಯೋತಿ ಅಂತ ಮೈಲಾರಮ್ಮನಿಗೆ ಯಾರೂ ಹೇಳಿಲ್ಲ. ಜ್ಯೋತಿ ಹೇಳಲಾರಳು. ಕಾಟಮ್ಮನಿಗೆ ಹೊಳೆದೇ ಇಲ್ಲ. ಹೇಳಬೇಕಾದವಳು ನಾನು. ಸಂಜೆ ಹೋಗಬೇಕು. ಹೋಗಿ ಕಟ್ಟೆ ಮೇಲೆ ಪಕ್ಕದಲ್ಲಿ ಕೂತು... ಹೇಗೆ ಶುರು ಮಾಡಲಿ. ಮೈಲಾರಮ್ಮ, ಶನಿವಾರ ನೀವು ಓಣಿಯಲ್ಲಿ ಇರಬೇಡಿ. ಯಾರಾದರೂ ಹೆಸರು ಕೇಳಿದರೆ ಮೈಲಾರಮ್ಮ ಅಂತ ಹೇಳಬೇಡಿ...